ಅತ್ತೆಯ ತುರುಬು ಮತ್ತು ಹಿಂದಿನಿಂದ ಬರುವ ಗಾಳಿ

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಟಾಪ್ ಇಲ್ಲದ ಕಾರು ಕೊಂಡೆ. ಸರಿಯಾಗಿ ಹೇಳಬೇಕೆಂದರೆ ಟಾಪ್ ಇದೆ, ಬಟ್ಟೆಯದು, ಬೇಡವೆಂದಾಗ ಮಡಚಿ ಹಿಂದಕ್ಕೆ ಹಾಕಬಹುದು. ಆದರೆ ಗುಬ್ಬಿಯಲ್ಲಿ ಸಿಕ್ಕಸಿಕ್ಕವರಿಗೆ ಇದನ್ನೆಲ್ಲ ವಿವರಿಸುತ್ತಾ ನಿಂತರೆ ಕಾಲೇಜಿಗೆ ಹೊತ್ತಾಗುತ್ತದೆ. ಎರಡೇ ಸೀಟಿನ ಕೆಂಪು ಕಾರು, ಹಳೆಯದು, ಬೆಂಗಳೂರಿನವರೊಬ್ಬರು ಬೆನ್ನುನೋವು ತಡೆಯಲಾರದೆ ಮಾರಿದ್ದು. ತುಮಕೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಗುಬ್ಬಿಯಿಂದ ಬಸ್ಸಿನಲ್ಲಿ ನಿಂತೇ ಓಡಾಡಿದವಳಿಗೆ ಒಂದು ಹುಚ್ಚು ಮಾಫಿ ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಕೊಬ್ಬರಿ ವ್ಯಾಪಾರದ ನನ್ನ ಗಂಡ ಕಾರನ್ನು ಎರಡು ಸುತ್ತು ಬಂದು, ಇದರಲ್ಲಿ ಎಷ್ಟು ಚೀಲ ಹಿಡಿಯುತ್ತೆ ಎಂದು ಕೇಳಿದರು. ಒಂದೂ ಹಿಡಿಯುವುದಿಲ್ಲ ಅಂದೆ. ಅಲ್ಲಿಗೆ ಅವರ ಆಸಕ್ತಿ ಮುಗಿಯಿತು.

ಎರಡನೆಯ ಸೀಟನ್ನು ವಶಪಡಿಸಿಕೊಂಡವರು ಅತ್ತೆ. ಅವರಿಗೆ ಎಪ್ಪತ್ತಾರು. ನನಗೂ ಅವರಿಗೂ ದಿನಕ್ಕೊಂದು ಜಗಳ ಆಗಲಿಲ್ಲವೆಂದರೆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದೇ ಅರ್ಥ. ಹುಳಿಗೆ ಬೆಲ್ಲ ಹಾಕುವುದರಿಂದ ಹಿಡಿದು ಗ್ರಹಣದ ದಿನ ಊಟ ಮಾಡುವವರೆಗೆ ನಮ್ಮದು ಒಂದಕ್ಕೊಂದು ಕೂಡದ ಲೆಕ್ಕ.

ಅತ್ತೆಯ ತುರುಬು ನಮ್ಮ ಬೀದಿಯಲ್ಲೇ ಹೆಸರುವಾಸಿ. ಈ ವಯಸ್ಸಿನಲ್ಲಿ ಎಂಥ ಕೂದಲು ನೋಡಿ ಎಂದು ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಾರೆ. ಅದರ ಮುಕ್ಕಾಲು ಪಾಲು ಚೌರಿ. ರಾತ್ರಿ ಅದು ಬಚ್ಚಲುಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಮನೆಯವರೆಲ್ಲ ಕಂಡಿದ್ದೇವೆ, ಯಾರೂ ಮಾತೆತ್ತುವುದಿಲ್ಲ. ಹೊರಗಿನ ಒಬ್ಬರಿಗೂ ಗೊತ್ತಿಲ್ಲ ಎಂಬುದು ಅತ್ತೆಯ ನಂಬಿಕೆ. ಇದೆಲ್ಲ ಬರೀ ಬಿಂಕ ಎಂಬುದು ನನ್ನ ತೀರ್ಮಾನ.

ಕಾರಿನ ಪೂಜೆಯಾಗಿ, ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ತುಮಕೂರಿನ ಕಡೆ ಹೊರಟೆ. ಟಾಪ್ ಹಾಕಿದರೆ ಬಟ್ಟೆ ತಾಗಿ ತುರುಬು ಚಪ್ಪಟೆಯಾಗುತ್ತಿತ್ತು, ಹಾಗಾಗಿ ತೆಗೆದೇ ಹೋಗೋಣ ಅಂದವರು ಅವರೇ. ಊರೊಳಗೆ ಮೆರವಣಿಗೆಯ ಹಾಗೆ ಸುಖವಾಗಿ ಸಾಗಿತು. ಹೈವೇ ಸೇರಿ ವೇಗ ಹೆಚ್ಚಿಸಿದ್ದೇ ತಡ, ಸೆರಗು ಬಂದು ನನ್ನ ಕಣ್ಣಿಗೆ ಬಡಿಯಿತು. ಅದನ್ನು ಸರಿಸಿ ನೋಡುವಷ್ಟರಲ್ಲಿ ತುರುಬು ಪಿನ್ನುಗಳ ಸಮೇತ ಅತ್ತೆಯ ಹಣೆಯ ಮೇಲೆ ಬಂದು, ಒಂದು ಕ್ಷಣ ಅಲ್ಲಿ ನಿಂತು, ರಸ್ತೆಗೆ ಹಾರಿತು. ನಾನು ಕಾರು ಪಕ್ಕಕ್ಕೆ ಹಾಕಿದೆ. ಎಳನೀರು ಮಾರುವವನೊಬ್ಬ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಓಡಿಬಂದ.

"ಅಮ್ಮೋರೆ, ಇದು ನಿಮ್ದೇ ಇರ್ಬೇಕು. ನಾನು ಮೊದ್ಲು ಮುಂಗ್ಸಿ ಅಂದ್ಕೊಂಡೆ."

ಪಾಪ, ಒಳ್ಳೆಯ ಮನುಷ್ಯ, ಮಣ್ಣು ಕೊಡವಿಯೇ ಕೊಟ್ಟ. ಎಳನೀರು ಕುಡಿಯುತ್ತಿದ್ದ ಐದಾರು ಜನ ನೋಡುತ್ತಿದ್ದರು, ಅದರಲ್ಲಿ ಇಬ್ಬರು ನಮ್ಮ ಬೀದಿಯವರೇ. ನನಗೆ ನಗು ತಡೆಯಲಾಗಲಿಲ್ಲ. ನಕ್ಕುಬಿಟ್ಟೆ. ಆ ನಗುವಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಅತ್ತೆ ಸೆರಗನ್ನು ತಲೆ ತುಂಬ ಹೊದ್ದುಕೊಂಡು, ಮನೆಗೆ ತಿರುಗಿಸು ಎಂದು ಕೈಯಲ್ಲೇ ತೋರಿಸಿದರು. ಮನೆ ಮುಟ್ಟಿದ ಮೇಲೆ ಒಂದೇ ಮಾತು: "ಆ ಗಾಡಿಗೆ ಇನ್ನು ನಾನು ಕಾಲಿಡಲ್ಲ ಕಣೇ." ಅದಾದ ಮೇಲೆ ಜಗಳವೂ ನಿಂತಿತು. ಹುಳಿಗೆ ಬೆಲ್ಲ ಹಾಕಲೇ ಎಂದು ಕೇಳಿದರೆ ನಿನ್ನಿಷ್ಟ ಅನ್ನುವರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನಿಷ್ಟ ಎಂಬುದು ಸಿಕ್ಕಿದ್ದು ಅದೇ ಮೊದಲು, ಅದರಷ್ಟು ಬೇಸರದ್ದು ಇನ್ನೊಂದಿಲ್ಲ. ಅಮೃತೂರಿನಲ್ಲಿ ಅತ್ತೆಯ ತಂಗಿಯ ಮೊಮ್ಮಗಳಿಗೆ ಹೆರಿಗೆಯಾಗಿತ್ತು, ಇನ್ನು ಮೂರು ವಾರಕ್ಕೆ ನಾಮಕರಣ. ತುಮಕೂರಿನಲ್ಲೊಮ್ಮೆ ಕುಣಿಗಲ್ಲಿನಲ್ಲೊಮ್ಮೆ ಬಸ್ಸು ಬದಲಿಸಿ, ನೋಯುವ ಮಂಡಿ ಎತ್ತಿಕೊಂಡು ಹೋಗುತ್ತೇನೆಯೇ ಹೊರತು ನಿನ್ನ ಕಾರು ಬೇಡ ಎಂದು ನನ್ನ ಗಂಡನ ಮೂಲಕ ಹೇಳಿ ಕಳಿಸಿದರು. ಅವರನ್ನು ಆ ಸೀಟಿನಲ್ಲಿ ಮತ್ತೆ ಕೂರಿಸಲೇಬೇಕು ಎಂದು ನಾನು ಹಟ ಹಿಡಿದೆ.

ತುಮಕೂರಿನ ಬಿ.ಎಚ್. ರಸ್ತೆಯ ಕಾರು ಸಾಮಾನಿನ ಅಂಗಡಿಗೆ ಹೋಗಿ, ಗಾಳಿ ತಡೆಯುವಂಥದ್ದು ಏನಾದರೂ ಕೊಡಿ ಅಂದೆ. ಅಂಗಡಿಯವರು ಎ.ಸಿ. ಕೆಟ್ಟಿದೆಯಾ ಎಂದು ವಿಚಾರಿಸಿದರು. ಟಾಪ್ ತೆಗೆಯುವ ಕಾರು ಎಂದಾಗ ಎದ್ದು ಹೊರಗೆ ಬಂದು ನೋಡಿ, ಒಳಗಿದ್ದ ಗಿರಾಕಿಗಳನ್ನೂ ಕರೆದು ತೋರಿಸಿದರು. ಆಮೇಲೆ ಗಲ್ಲಕ್ಕೆ ಬೆಲ್ಟಿರುವ ಟೋಪಿ, ಕಿವಿ ಮುಚ್ಚುವ ಸ್ಕಾರ್ಫು, ಕತ್ತಿಗೆ ದಿಂಬು, ಸ್ಟೇರಿಂಗ್ ಕವರು, ತಲೆ ಅಲ್ಲಾಡಿಸುವ ನಾಯಿಗೊಂಬೆ ಎಲ್ಲ ಕೌಂಟರ್ ಮೇಲೆ ಬಂದವು. ಕೊನೆಗೆ ಕಿಟಕಿಯ ಮುಂದಿನ ಮೂಲೆಗೆ ಸಿಕ್ಕಿಸುವ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಕೊಂಡೆ. ಗಾಳಿ ಮುಂದಿನಿಂದ ತಾನೇ ಬರುವುದು ಎಂದು ಭೌತಶಾಸ್ತ್ರದ ಮೇಡಂ ಲೆಕ್ಕ ಹಾಕಿದ್ದರು.

ಪಟ್ಟಿ ಹಾಕಿಸಿಕೊಂಡು ಓಡಿಸಿದರೆ ನನ್ನ ಕೂದಲು ಮೊದಲಿನ ಹಾಗೇ ಬಾಯಿಗೆ ಬಂತು. ಮಾರನೆಯ ದಿನ ಎರಡೂ ಸೀಟಿನ ತಲೆಯಾನಿಕೆಗೆ ಉಲ್ಲನ್ ದಾರದ ತುಂಡುಗಳನ್ನು ಕಟ್ಟಿ ಓಡಿಸಿದೆ. ದಾರಗಳೆಲ್ಲ ಹಿಂದಕ್ಕೆ ಹಾರುವುದು ಬಿಟ್ಟು ಮುಂದಕ್ಕೆ, ನನ್ನ ಕಿವಿಯ ಕಡೆ ಹಾರುತ್ತಿದ್ದವು. ಆಗ ಬುದ್ಧಿ ಬಂತು. ಮುಂದಿನ ಗಾಜು ಗಾಳಿಯನ್ನು ನಮ್ಮ ತಲೆಯ ಮೇಲಿಂದ ದಾಟಿಸುತ್ತದೆ, ದಾಟಿದ ಗಾಳಿ ಹಿಂದೆ ಸುತ್ತು ಹಾಕಿ ಬಂದು ಕತ್ತಿನ ಹಿಂಭಾಗಕ್ಕೆ ಹೊಡೆಯುತ್ತದೆ. ತುರುಬು ಹಣೆಗೆ ಬಂದದ್ದು ಯಾಕೆಂದು ಅವತ್ತೇ ಯೋಚಿಸಿದ್ದರೆ ಪಟ್ಟಿಯ ದಂಡ ತಪ್ಪುತ್ತಿತ್ತು. ತಡೆ ಬೇಕಾದದ್ದು ಸೀಟುಗಳ ಬೆನ್ನಿಗೆ.

ಫೋನಿನಲ್ಲಿ ಹುಡುಕಿದಾಗ ಅಂಥದ್ದು ಬಗೆಬಗೆಯಾಗಿ ಸಿಕ್ಕಿತು. ಪಾರದರ್ಶಕ ಹಲಗೆಯದು ನೋಡಲು ಚಂದ, ಆದರೆ ಹಿಂದಿನ ಲಾರಿಯ ಲೈಟು ಅದರಲ್ಲಿ ಹೊಳೆದು ಕಣ್ಣು ಕುಕ್ಕುತ್ತದಂತೆ. ಬಲೆಯದು ಒಳ್ಳೆಯದು, ಗಾಳಿಯ ಸೊಕ್ಕು ಮುರಿದು ಸ್ವಲ್ಪವೇ ಒಳಗೆ ಬಿಡುತ್ತದೆ, ಹಿಂದಿನ ರಸ್ತೆಯೂ ಕಾಣುತ್ತದೆ. ನನ್ನ ಕಾರಿಗೆ ಸರಿಹೊಂದುವ ಬಲೆ ವಿದೇಶದಿಂದ ಬರಬೇಕಿತ್ತು, ಎರಡು ತಿಂಗಳು ಎಂದಿತ್ತು. ನಾಮಕರಣಕ್ಕೆ ಹತ್ತು ದಿನ ಉಳಿದಿತ್ತು.

ಹಾಗಾಗಿ ಗುಬ್ಬಿಯಲ್ಲೇ ಆಟೋಗಳಿಗೆ ಟಾಪ್ ಹೊಲಿಯುವವರ ಹತ್ತಿರ ಹೋದೆ. ನಡುವಯಸ್ಸಿನ ಮನುಷ್ಯ, ನಿಧಾನಸ್ಥ. ನಾನು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದ ಚಿತ್ರವನ್ನು ತಲೆಕೆಳಗೆ ಹಿಡಿದು ನೋಡಿಯೂ ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ಸಣ್ಣ ಪೈಪು ಬಗ್ಗಿಸಿ ಚೌಕಟ್ಟು ಮಾಡಿಸೋಣ, ಅಡಿಕೆ ಸಸಿಗೆ ನೆರಳು ಕಟ್ಟುವ ನೆಟ್ಟನ್ನು ಎರಡು ಪದರ ಬಿಗಿದು ಹೊಲಿಯೋಣ, ಅಂಚಿಗೆ ರೆಕ್ಸಿನ್ ಪಟ್ಟಿ ಕೊಡೋಣ ಅಂದರು. ನೆಟ್ಟು ಕಪ್ಪು ಬಣ್ಣದ್ದೇ ಇರಲಿ, ಹಸಿರಾದರೆ ಕಾರು ನರ್ಸರಿಯ ಹಾಗೆ ಕಾಣುತ್ತದೆ ಅಂದೆ. ಇಷ್ಟೆಲ್ಲ ಯಾರಿಗೋಸ್ಕರ ಎಂದು ಕೇಳಿದರು. ಅತ್ತೆಗೆ, ಅವರಿಗೆ ಗಾಳಿ ಆಗುವುದಿಲ್ಲ ಅಂದೆ. ಅವರು ಸೂಜಿ ಕೆಳಗಿಟ್ಟು ನನ್ನನ್ನು ಒಂದು ಸಲ ನೋಡಿದರು.

ನಾಮಕರಣದ ಹಿಂದಿನ ದಿನ ಸಂಜೆ ಬಲೆ ಸಿದ್ಧವಾಯಿತು. ಅಳತೆ ಒಂದು ಕೂದಲೂ ಆಚೀಚೆ ಇರಲಿಲ್ಲ. ಆದರೆ ಮೇಲಂಚಿನ ರೆಕ್ಸಿನ್ ಪಟ್ಟಿಯ ಉದ್ದಕ್ಕೂ, ಹಿಂದೆ ಬರುವವರಿಗೆಲ್ಲ ಓದಲು ಬರುವಂತೆ, ಹಳದಿ ರೇಡಿಯಂ ಅಕ್ಷರಗಳಲ್ಲಿ ಅಂಟಿಸಿದ್ದರು: ಅತ್ತೆಯವರ ಆಶೀರ್ವಾದ.

ಇದನ್ನು ಬರೆಯಲು ಯಾರು ಹೇಳಿದ್ದು ಎಂದು ರೇಗಿದೆ. ಅವರ ಅಂಗಡಿಯಿಂದ ಯಾರದ್ದೂ ಆಶೀರ್ವಾದವಿಲ್ಲದೆ ಒಂದು ಗಾಡಿಯೂ ಹೋಗಿಲ್ಲವಂತೆ. "ತಾಯಿದು ತಂದೆದು ಎಲ್ರೂ ಬರ್ಸ್ತಾರೆ ಮೇಡಮ್," ಅಂದರು. "ಅತ್ತೆಗೋಸ್ಕರ ಇಷ್ಟು ಓಡಾಡಿದ್ದು ನೀವೊಬ್ರೇ. ನಂಗೇ ಕರುಳು ಚುರ್ ಅಂತು, ಅದ್ಕೇ ಹಾಕ್ದೆ." ಕೀಳೋಣವೆಂದರೆ ಪಟ್ಟಿಯೇ ಕಿತ್ತುಬರುತ್ತಿತ್ತು, ಮತ್ತೆ ಹೊಲಿಯಲು ಎರಡು ದಿನ. ಬೇರೆ ದಾರಿಯಿಲ್ಲದೆ ಹಾಗೇ ಮನೆಗೆ ಓಡಿಸಿಕೊಂಡು ಬಂದೆ. ಹಿಂದೆ ಬಂದ ಆಟೋದವರೆಲ್ಲ ಹಾರ್ನ್ ಹೊಡೆದು ಕೈಯೆತ್ತಿದರು.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಕಾರನ್ನು ಹಿಮ್ಮುಖವಾಗಿ ನಿಲ್ಲಿಸಬಾರದಿತ್ತು, ಗಾಬರಿಯಲ್ಲಿ ಹಾಗೇ ನಿಲ್ಲಿಸಿದೆ. ಅವರು ಮೊರ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದರು. ನೀನೇ ಬರೆಸಿದೆಯಾ ಎಂದು ಕೇಳಿದರು. ನಾನು ನಿಜ ಹೇಳಬೇಕೆಂದೇ ಬಾಯಿ ತೆರೆದೆ, ಆದರೆ ಅವರ ಮುಖ ನೋಡಿ ಹೂಂ ಅಂದುಬಿಟ್ಟೆ. ಅವರು ಇನ್ನೊಂದು ಸಲ ಓದಿದರು. ಆಮೇಲೆ ದ ಅಕ್ಷರ ಸೊಟ್ಟಗಿದೆ, ದುಡ್ಡು ಕೊಟ್ಟು ಮಾಡಿಸುವಾಗ ನಿಂತು ನೋಡುವುದಕ್ಕೆ ಏನು ಧಾಡಿ ಬಂದಿತ್ತು ನಿನಗೆ ಎಂದು ಶುರು ಮಾಡಿದರು. ನಾನೂ ಬಿಡಲಿಲ್ಲ. ಅರ್ಧ ಗಂಟೆ ಜಗಳವಾಯಿತು. ಹದಿನೆಂಟು ದಿನದ ಮೇಲೆ ಆದ ಆ ಜಗಳದಿಂದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು, ತುರುಬಿಗೆ ಎರಡು ಪಿನ್ನು ಹೆಚ್ಚಾಗಿಯೇ ಚುಚ್ಚಿಕೊಂಡು, ತಾವಾಗಿಯೇ ಬಂದು ಆ ಸೀಟಿನಲ್ಲಿ ಕೂತರು.

ತುಮಕೂರು ದಾಟಿ ಹೆಬ್ಬೂರಿನ ದಾರಿಯಲ್ಲಿ ಅರವತ್ತರ ವೇಗಕ್ಕೆ ಬಂದೆ. ಸೆರಗಿನ ಅಂಚು ಮಾತ್ರ ಅಲ್ಲಾಡುತ್ತಿತ್ತು, ತುರುಬು ಇದ್ದಲ್ಲೇ ಇತ್ತು. ಅತ್ತೆ ಆಗಾಗ ಕೈ ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡರು, ಕುಣಿಗಲ್ ಬರುವ ಹೊತ್ತಿಗೆ ಅದನ್ನೂ ಬಿಟ್ಟರು. ಒಂದೇ ತೊಂದರೆ ಎಂದರೆ, ಗಾಳಿಯ ಸದ್ದು ಕಡಿಮೆಯಾಗಿ ನನ್ನ ಗೇರು ಬದಲಿಸುವ ರೀತಿಯ ಬಗ್ಗೆ ಅವರು ಆಡಿದ ಪ್ರತಿಯೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಮೃತೂರಿನಲ್ಲಿ ಮಗುವಿಗಿಂತ ಮೊದಲು ಜನ ನೋಡಿದ್ದು ಬಲೆಯ ಮೇಲಿನ ಬರಹವನ್ನು. ನನ್ನ ಸೊಸೆ ಬರೆಸಿದ್ದು ಎಂದು ಅತ್ತೆ ಕೇಳದವರಿಗೂ ಹೇಳಿದರು.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಅಲ್ಲಿನ ಬಾಣಂತಿಗೆ ಹೆರಿಗೆ ಕಷ್ಟವಾಗಿತ್ತಂತೆ, ತಾಯಿ ಮಗು ಉಳಿದರೆ ಮುಡಿ ಕೊಡುತ್ತೇನೆಂದು ಅತ್ತೆಯ ತಂಗಿ ಹರಕೆ ಹೊತ್ತಿದ್ದರಂತೆ. ಕುಣಿಗಲ್ ದಾಟಿದ ಮೇಲೆ ಅತ್ತೆ ಇದನ್ನು ಹೇಳುತ್ತಾ, ಮೊದಲು ಒಳ್ಳೆಯ ಚೌರಿ ಒಂದು ಕೊಂಡಿಟ್ಟುಕೋ, ಈ ವಯಸ್ಸಿನಲ್ಲಿ ಕೊಟ್ಟ ಕೂದಲು ಮತ್ತೆ ಬರುವುದಿಲ್ಲ ಎಂದು ತಂಗಿಗೆ ಬುದ್ಧಿ ಹೇಳಿದೆ ಅಂದರು. ಅದು ನಿಮಗೆ ಹೇಗೆ ಗೊತ್ತು ಎಂದು ನಾನು ಸುಮ್ಮನೆ ಕೆಣಕಿದೆ.

ಅತ್ತೆ ಕೈ ಹಿಂದಕ್ಕೆ ಒಯ್ದು ತುರುಬಿನ ಪಿನ್ನೊಂದನ್ನು ಒತ್ತಿಕೊಂಡರು. ಆಮೇಲೆ ಹಾಲಿನ ಡೇರಿಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ಇಪ್ಪತ್ತೈದು ವರ್ಷದ ಹಿಂದೆ ನನಗೆ ಹೆರಿಗೆಯಾದಾಗ ನಾನು ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದೆನಲ್ಲ, ಆಗ ಅತ್ತೆ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ದೇವರಾಯನದುರ್ಗದ ಸ್ವಾಮಿಗೆ ಜಡೆ ಕೊಡುತ್ತೇನೆಂದು ಬೇಡಿಕೊಂಡಿದ್ದರಂತೆ. ನಾನು ಬಾಣಂತನಕ್ಕೆ ತವರಿನಲ್ಲಿದ್ದಾಗ ಒಬ್ಬರೇ ಬೆಟ್ಟಕ್ಕೆ ಹೋಗಿ, ಸೊಂಟ ಮುಟ್ಟುತ್ತಿದ್ದ ಜಡೆಯನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿ ಕೊಟ್ಟು, ಬರುವಾಗಲೇ ಚೌರಿ ಕೊಂಡು ಸುತ್ತಿಕೊಂಡು ಬಂದರಂತೆ. ಆಗ ಐವತ್ತು ದಾಟಿತ್ತು, ಮತ್ತೆ ಬೆಳೆಯಲೇ ಇಲ್ಲ. ತಮ್ಮ ಮಗನಿಗೂ ಹೇಳಿರಲಿಲ್ಲ, ಅವನು ಕೇಳಲೂ ಇಲ್ಲ.

ಹೆಬ್ಬೂರಿಗೆ ಮೊದಲು ಒಂದು ಹುಣಸೆಮರದ ನೆರಳಲ್ಲಿ ನಾನು ಕಾರು ನಿಲ್ಲಿಸಿದೆ. ಕಣ್ಣು ತುಂಬಿ ರಸ್ತೆ ಕಾಣುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಅದನ್ನು ಬಿಂಕ ಎಂದುಕೊಂಡಿದ್ದೆ. ಎಳನೀರಿನವನ ಮುಂದೆ ನಕ್ಕಿದ್ದೆ. ಒಂದು ಮಾತು ನನಗೆ ಹೇಳಬಾರದಿತ್ತಾ ಎಂದು ಕೇಳಿದೆ.

"ಹೇಳಿದ್ರೆ ನೀನು ಅವತ್ತಿಂದ ನನ್ ಮುಂದೆ ತಲೆ ಬಗ್ಗಿಸ್ಕೊಂಡು ಓಡಾಡ್ತಿದ್ದೆ," ಅಂದರು ಅತ್ತೆ. "ಎದುರು ಮಾತಾಡ್ದಿರೋ ಸೊಸೆ ಕಟ್ಕೊಂಡು ನಾನು ಇಷ್ಟು ವರ್ಷ ಆ ಮನೇಲಿ ಏನ್ ಮಾಡ್ಲಿ?"

ನಾನು ತಲೆ ತಗ್ಗಿಸಿ ಸ್ಟೇರಿಂಗನ್ನೇ ನೋಡುತ್ತಾ ಕೂತೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಕಾಯುತ್ತಾ, ಸ್ವಲ್ಪ ಹೆದರಿಕೆಯಿಂದಲೇ.

"ನೋಡಿದ್ಯಾ, ಆಗ್ಲೇ ಶುರುವಾಯ್ತು," ಅಂದರು.

ನಾನು ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡಿದೆ. ಯಾರನ್ನೂ ಕೇಳದೆ ಹಾಗೆ ಜಡೆ ಕತ್ತರಿಸಿಕೊಂಡದ್ದು ದೊಡ್ಡ ತಪ್ಪು, ಡಾಕ್ಟರು ಉಳಿಸಿದ್ದಕ್ಕೆ ಸ್ವಾಮಿಗೆ ಯಾಕೆ ಕೊಡಬೇಕಿತ್ತು, ಇಂಥ ಮೂಢನಂಬಿಕೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ಒಡೆದ ದನಿಯಲ್ಲೇ ಜಗಳ ತೆಗೆದೆ. ಅತ್ತೆ ನೆಮ್ಮದಿಯಾಗಿ ಸೀಟಿಗೆ ಒರಗಿಕೊಂಡು, ನಿನಗೇನು ಗೊತ್ತು ಎಂದು ತಿರುಗಿ ಬಿದ್ದರು. ಗುಬ್ಬಿಯಲ್ಲಿ ಮನೆ ಮುಂದೆ ಇಳಿಯುವವರೆಗೂ ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ.