ಒಂದು ಚಿಟಿಕೆ ಗ್ರಾಫೀನ್

ಹಳೇಬೀಡು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಎಡಕ್ಕೆ ನಿಂತಿದ್ದೆ. ಹೋದ ಸೋಮವಾರ, ಬೆಳಗಿನ ಕಾಫಿಯ ಹೊತ್ತು. ಯಾರದೋ ಕೈಜಾರಿ ಪಿಂಗಾಣಿ ಸಾಸರ್ ನೆಲಕ್ಕೆ ಬಿದ್ದು ಒಡೆಯಿತು. ಆ ಒಣ ಸದ್ದಿಗೆ ಕೆಮಿಸ್ಟ್ರಿ ಮೇಡಂ ನೆನಪಾದರು…

ಅರಸೀಕೆರೆಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ, ಅವರು ರಸಾಯನಶಾಸ್ತ್ರ. ಪಾಠದ ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದರು. ಪಿಂಗಾಣಿಯಂಥ ಸೆರಾಮಿಕ್ ಗಟ್ಟಿಯೇನೋ ಹೌದು, ಆದರೆ ಸಣ್ಣದೊಂದು ಬಿರುಕು ಹುಟ್ಟಿದರೂ ಅದು ಎಲ್ಲೂ ನಿಲ್ಲದೆ ಓಡಿ ಎರಡು ಹೋಳು ಮಾಡಿಬಿಡುತ್ತದೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಾಗಿ ಬಿಡಿಸಿದರೆ ಅದೇ ಗ್ರಾಫೀನ್. ಅದನ್ನು ಬೆರೆಸಿದರೆ ಬಿರುಕು ಆ ಪದರಗಳಿಗೆ ಎಡವಿ, ದಾರಿ ಬಳಸಿ, ಸುಸ್ತಾಗಿ ನಿಲ್ಲುತ್ತದೆ. ಇದನ್ನು ತೋರಿಸುವುದೇ ಅವರ ಸಂಶೋಧನೆ.

ಆದರೆ ಹಾಗೆ ಬೆರೆಸಿ ಅವರು ಮಾಡಿದ ಸೆರಾಮಿಕ್ ಪಟ್ಟಿಗಳು ಮುರಿಯುತ್ತಲೇ ಇದ್ದವು. ವಿಶ್ವವಿದ್ಯಾಲಯದ ಕುಲುಮೆಯಲ್ಲಿ ಸುಟ್ಟು ತಂದ, ಬೆಂಕಿಕಡ್ಡಿಗಿಂತ ತುಸು ದಪ್ಪದ ಪಟ್ಟಿಯನ್ನು ನನ್ನ ಪ್ರಯೋಗಾಲಯದ ಎರಡು ಆಧಾರಗಳ ಮೇಲಿಟ್ಟು, ನಡುವಿನ ಕೊಕ್ಕೆಗೆ ತೂಕ ಹಾಕುತ್ತಿದ್ದೆವು. ಟಕ್! ಪ್ರತಿ ಸಲವೂ ಮೇಡಂ ಮುಂದಿನದಕ್ಕೆ ಗ್ರಾಫೀನ್ ಹೆಚ್ಚಿಸುತ್ತಿದ್ದರು. ಹಾರನಹಳ್ಳಿಯ ಅವರ ಮನೆಯಲ್ಲಿ, ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಸುರಿಯುವುದು ಮರ್ಯಾದೆ.

"ಇದೇನ್ ಮೇಡಂ, ಬೀಗರೂಟನಾ? ಸ್ವಲ್ಪ ಕೈ ಹಿಡೀರಿ," ಎಂದೆ.

"ಕಮ್ಮಿ ಬಡಿಸೋ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ ಕಣ್ರೀ," ಎಂದು ನಕ್ಕರು.

ನಗುತ್ತಲೇ ಮುರಿದ ತುಂಡನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದವರು, ಸರಿದು ನನಗೂ ನೋಡಲು ಹೇಳಿದರು. ಹೆಚ್ಚಾದ ಗ್ರಾಫೀನ್ ಒಂದಕ್ಕೊಂದು ಅಂಟಿ ಗಂಟಾಗಿತ್ತು. ಪಟ್ಟಿ ಬಿರುಕು ಬಿಡುತ್ತಿದ್ದುದು ಆ ಗಂಟುಗಳಲ್ಲೇ.

ಇನ್ನೊಂದೇ ಅವಕಾಶ ಎಂದು ಅವರ ಮಾರ್ಗದರ್ಶಕರು ಹೇಳಿಯಾಗಿತ್ತು. ಅದೂ ಮುರಿದರೆ ಪಿಎಚ್‌ಡಿ ಅಲ್ಲಿಗೇ ಮುಗಿಯಿತು. ಕೊನೆಯ ಸಲ ಮೇಡಂ ಚಿಟಿಕೆಯಷ್ಟೇ ಹಾಕಿ, ಒಂದು ಗಂಟೂ ಉಳಿಯದ ಹಾಗೆ ದ್ರವದಲ್ಲಿ ಕದಡಿದರು. ಆಗ ಅವರ ಮುಖ, ನೆಂಟರಿಗೆ ಅರ್ಧ ಲೋಟ ಕಾಫಿ ಕೊಟ್ಟವರ ಹಾಗಿತ್ತು.

ಆ ಪಟ್ಟಿ ಸುಟ್ಟು ಬಂದ ಮಧ್ಯಾಹ್ನ ನಾನು ಮೇಜಿನ ಬಲಕ್ಕಿದ್ದೆ, ಮೇಡಂ ಎದುರಿಗೆ. ನಮ್ಮ ಅಟೆಂಡರ್ ತೂಕ ಹಾಕುತ್ತಿದ್ದರು. ಹಿಂದಿನವು ಮುರಿದ ತೂಕ ದಾಟಿತು. ಮತ್ತೆ ಹಾಕಿದರು, ಮತ್ತೆ… ಕೊನೆಗೆ ತೂಕದ ಬಿಲ್ಲೆಗಳೇ ಮುಗಿದವು.

"ಇನ್ನೇನ್ ತೂಗಾಕನ ಮೇಡಂ?" ಎಂದರು ಅಟೆಂಡರ್.

"ನನ್ನ ಕ್ಯಾರಿಯರ್ ಐತಲ್ಲ, ಹಾಕಿ!"

ಮೂವರಿಗಾಗುವಷ್ಟು ಮುದ್ದೆ, ಸಾರು ತುಂಬಿದ್ದ ಊಟದ ಕ್ಯಾರಿಯರ್ ಕೊಕ್ಕೆಗೆ ಬಿತ್ತು. ತೂಗಾಡಿತು. ಬಗ್ಗಿ ಪಟ್ಟಿಯನ್ನೇ ನೋಡಿದೆ. ಮುರಿಯಲಿಲ್ಲ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು.

"ಇಳ್ಸನಾ ಸಾ? ಹೊಟ್ಟೆ ಹಸೀತೈತೆ," ಎಂದು ಅಟೆಂಡರ್ ನನ್ನನ್ನು ಕೇಳಿದರು.

"ಮುಟ್ಟೀರಾ, ಜೋಕೆ!" ಎಂದರು ಮೇಡಂ. "ಇವತ್ತು ಎಲ್ರಿಗೂ ಉಪವಾಸ."

ಡಾಕ್ಟರೇಟ್ ಬಂತು. ಅದನ್ನು ಹೆಸರಿನ ಮುಂದೆ ಬರೆದುಕೊಂಡು ಅವರು ಬಾಳಿದ್ದು ಸ್ವಲ್ಪವೇ ಕಾಲ. ಕಾಯಿಲೆ ಬೇಗ ಬಂತು, ಬೇಗ ಮುಗಿಸಿತು…

ಹೋಟೆಲಿನಿಂದ ನೇರವಾಗಿ ಮಾದಿಹಳ್ಳಿಯ ಬಸ್ ಹತ್ತಿದೆ. ನಿವೃತ್ತರಾದ ಅಟೆಂಡರ್ ಅಲ್ಲಿ ಎಮ್ಮೆ ಕಟ್ಟಿಕೊಂಡಿದ್ದಾರೆ. ನಾನು ಮಾತು ತೆಗೆಯುವ ಮೊದಲೇ ಅವರು, "ಅವತ್ತು ಕ್ಯಾರಿಯರ್ ಇಳ್ಸಿ ಉಣ್ಣೋ ಹೊತ್ಗೆ ಮುದ್ದೆ ತಣ್ಣಗಾಗೋಗಿತ್ತು ಸಾ, ಆದ್ರೂ ಅಂಥ ರುಚಿ ಇನ್ನೆಲ್ಲೂ ಸಿಗ್ಲಿಲ್ಲ," ಎಂದರು. ಆ ಪಟ್ಟಿ ಮುರಿಯದೆ ನಿಂತದ್ದನ್ನು ಕಂಡವರಲ್ಲಿ ಈಗ ಇರುವವರು ಅವರು ಮತ್ತು ನಾನು.