ಕೊಟ್ಟವರಿಗೊಂದು ಚಪ್ಪಾಳೆ

ಊರಿಗೆಲ್ಲ ಅವನು ಮೈಕ್ ಮಾವ. ಮದುವೆಯಿರಲಿ, ಶಾಲೆಯ ಓಟದ ಪಂದ್ಯವಿರಲಿ, ಅವನ ಗಂಟಲಿಲ್ಲದೆ ಕಳೆ ಕಟ್ಟುತ್ತಿರಲಿಲ್ಲ. ಅವನ ಕಸುಬಿಗೆ ಒಂದೇ ನೇಮ: ಕೊಟ್ಟವರ ಹೆಸರು ನುಂಗಬಾರದು. ಯಾರೋ ಒಂದು ಕೊಡ ನೀರು ಕೊಟ್ಟರೂ ಹೆಸರು ಕೂಗಿ ಚಪ್ಪಾಳೆ ಹೊಡೆಸುತ್ತಿದ್ದ. ಮನೆಯಲ್ಲಿ ಹೆಂಡತಿ ಲೋಟ ಮುಂದಿಟ್ಟರೆ, "ಈ ಕಾಫಿಯ ದಾನಿಗಳು..." ಎಂದು ಶುರುಮಾಡಿ ಬೈಸಿಕೊಳ್ಳುತ್ತಿದ್ದ.

ಆ ವರ್ಷ ಚುನಾವಣೆ ಬಂತು. ಬೀದಿಯ ಕೊನೆಯ ಮೈದಾನದ ಮೇಲೆ ಸಿಮೆಂಟ್ ಕಂಪನಿಯ ಕಣ್ಣು ಬಿದ್ದಿತ್ತು. ಅಲ್ಲಿ ಗೋದಾಮು ಎದ್ದರೆ ಮಾವನ ಮಗಳು ಓಡುವುದೆಲ್ಲಿ? ಅವಳು ಓಡುವುದನ್ನು ನೋಡುವುದಕ್ಕಿಂತ ದೊಡ್ಡ ಸುಖ ಅವನಿಗಿರಲಿಲ್ಲ. "ಗೋದಾಮು ಕಟ್ಟೋಕೆ ಬಿಟ್ರೆ ಮೀಸೆ ಬೋಳಿಸ್ಕೋತೀನಿ" ಎಂದು ಒಬ್ಬ ಅಭ್ಯರ್ಥಿ ಸಾರಿದ್ದೇ ತಡ, ಮಾವ ಹಿಗ್ಗಿ ಹೀರೇಕಾಯಿಯಾದ. ಅವನ ಸಭೆಗೆ ಅರ್ಧ ಕೂಲಿಗೇ ಒಪ್ಪಿಕೊಂಡ.

ಸಭೆಯ ದಿನ ಸಾಮಾನು ಇಳಿಸುತ್ತಿದ್ದ ಲಾರಿ ಡ್ರೈವರನ್ನು ಎಂದಿನಂತೆ ವಿಚಾರಿಸಿದ.

"ಕುರ್ಚಿ ಯಾರು ಕೊಟ್ಟಿದ್ದಪ್ಪ?"

"ಸಿಮೆಂಟ್ ಕಂಪನಿಯೋರು."

"ಶಾಮಿಯಾನ? ಹಾರ?"

"ಎಲ್ಲಾ ಅವರೇ ಮಾವ. ನಾಳೆ ಎದುರು ಪಕ್ಷದೋರಿಗೂ ಇದೇ ಲಾರಿ."

ಇಷ್ಟು ಕೇಳಿಯೂ ಪುಣ್ಯಾತ್ಮನಿಗೆ ಏನೂ ಹೊಳೆಯಲಿಲ್ಲ. ತಲೆಗಿಂತ ನಾಲಿಗೆ ಮುಂದೆ ಓಡುವುದು ಅವನ ಜಾಯಮಾನ.

ಅಭ್ಯರ್ಥಿ, "ಆ ಕಂಪನಿಯ ಒಂದು ಮೂಟೇನೂ ಮೈದಾನಕ್ಕೆ ಇಳಿಯೋಕೆ ಬಿಡಲ್ಲ!" ಎಂದು ಗುಡುಗಿ ಕೂತ. ಮಾವ ಮೈಕ್ ಹಿಡಿದ.

"ಮಹನೀಯರೇ! ಈ ಭಾಷಣಕ್ಕೆ ನೆರಳು ಕೊಟ್ಟವರು ಸಿಮೆಂಟ್ ಕಂಪನಿಯವರು, ಚಪ್ಪಾಳೆ! ಕುರ್ಚಿ ಕೊಟ್ಟವರೂ ಅವರೇ, ಚಪ್ಪಾಳೆ! ಸಾಹೇಬರ ಕೊರಳಿನ ಹಾರ..."

ಜನ ಮೊದಲು ಅಭ್ಯಾಸಬಲದಿಂದ ತಟ್ಟಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಾರಿ ಇಡೀ ಶಾಮಿಯಾನವೇ ಹೊಟ್ಟೆ ಹಿಡಿದುಕೊಂಡಿತು. ಅಭ್ಯರ್ಥಿ ಹಾರ ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟ. ಒಬ್ಬ ಅಜ್ಜಿ ಎದ್ದು, "ಸಾಹೇಬ್ರನ್ನ ಕೊಟ್ಟೋರು ಯಾರು, ಅದನ್ನೂ ಹೇಳಪ್ಪ!" ಎಂದಳು.

ಆಗ ಹೊಳೆಯಿತು ಮಾವನಿಗೆ. ಮಗಳ ಮೈದಾನವನ್ನು ಎಂಥವನ ಕೈಗೆ ನಂಬಿ ಬಿಟ್ಟಿದ್ದೆನೆಂದು ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ನಗುವೂ ಉಕ್ಕಿತು. ಮೈಕಿನಲ್ಲೇ ನಕ್ಕುಬಿಟ್ಟ.

"ಉಂಡ ಮನೆ ಜಂತೆ ಎಣಿಸ್ತೀಯೇನೋ?" ಎಂದು ಪಕ್ಷದವರು ಮೇಲೆ ಬಿದ್ದರು.

"ಉಂಡೋರು ನೀವಲ್ವಾ ಸ್ವಾಮಿ? ನಾನು ಬರೀ ಎಣಿಸಿದೆ."

ಮರುದಿನ ಬೆಳಗ್ಗೆಯೇ ಕಂಪನಿಯ ಮ್ಯಾನೇಜರ್ ನಗುನಗುತ್ತಾ ಮನೆಗೆ ಬಂದ. "ಇವತ್ತು ಎದುರು ಪಕ್ಷದ ಸಭೇಲೂ ನೀವೇ ಅಂತೆ. ಅಲ್ಲಿ ನಮ್ಮ ಹೆಸರು ಹೇಳ್ಬೇಡಿ ಸ್ವಾಮಿ. ಚುನಾವಣೆ ಮುಗಿಯೋವರೆಗೂ ಬಾಯಿ ಮುಚ್ಕೊಂಡಿದ್ರೆ ತಿಂಗಳು ತಿಂಗಳು ಸಂಬಳ. ಮಗಳಿಗೆ ಒಳ್ಳೇ ಶೂ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇವರ ಬಾಯಿ ಮುಚ್ಚಿಸೋಕೆ ಇಷ್ಟು ವರ್ಷ ನನ್ನ ಕೈಲೇ ಆಗಿಲ್ಲ, ನಿಮ್ಮ ಕಂಪನಿ ಕೈಲಾಗತ್ತಾ?"

ಮಾವ ಮಾತ್ರ ನಗಲಿಲ್ಲ. ಮಗಳ ಹರಿದ ಶೂ ಬಾಗಿಲಲ್ಲೇ ಬಿದ್ದಿತ್ತು. ಆಸೆ ಯಾರಪ್ಪನ ಮನೆಯ ಸೊತ್ತು? ಅವನ ಮನಸ್ಸು ತೂಗಾಡಿತು.

ಮಗಳು ಕೇಳಿದಳು: "ಆ ಶೂ ಹಾಕ್ಕೊಂಡು ಎಲ್ಲಿ ಓಡ್ಲಿ ಅಂಕಲ್, ಗೋದಾಮಿನೊಳಗಾ?"

ಮಾವ ಆಗಲೇ ಸಭೆಗೆ ಹೊರಡಲು ಅಂಗಿ ತೊಡುತ್ತಿದ್ದ. "ಇವತ್ತಿನ ಕುರ್ಚಿ, ಹಾರಾನೂ ನಿಮ್ದೇ ತಾನೆ ಸ್ವಾಮಿ?" ಎಂದು ಮ್ಯಾನೇಜರನ್ನೇ ವಿಚಾರಿಸಿದ.