ಒಂದು ಗಂಟೆ ಮುಂಚಿನ ಬಾಂಗ್

ಮೋನಾಕ ಎರಡೂ ಕೈಗೆ ವಾಚು ಕಟ್ಟುತ್ತಿದ್ದರು. ಎಡಗೈಯದು ಅವರದ್ದು, ಬಲಗೈಯದು ಯಾರದ್ದೋ. ರಿಪೇರಿಗೆ ಬಂದ ವಾಚನ್ನು ಸರಿ ಮಾಡಿದ ಮೇಲೆ ಒಂದು ಪೂರ್ತಿ ದಿನ ತಮ್ಮ ಬಲಗೈಗೆ ಕಟ್ಟಿಕೊಂಡು ನೋಡದೆ ಗಿರಾಕಿಗೆ ಕೊಡುವ ಜನ ಅವರಲ್ಲ. ಹಾಗಾಗಿ ಇವತ್ತು ಆ ಕೈಯಲ್ಲಿ ಯಾವನೋ ಡ್ರೈವರನ ಪ್ಲಾಸ್ಟಿಕ್ ವಾಚು ಇದ್ದರೆ, ನಾಳೆ ಯಾವುದೋ ಸೌದಿ ಯಜಮಾನನ, ಒಂದು ಕಾರಿನಷ್ಟು ಬೆಲೆಬಾಳುವ ವಾಚು. ಅಂಥದ್ದು ಕಟ್ಟಿದ ದಿನ ಬಲಗೈಯನ್ನು ಮೇಜಿನ ಮೇಲೆ ನಾಲ್ಕು ಜನಕ್ಕೆ ಕಾಣುವಂತೆ ಚಾಚಿಕೊಂಡು ಚಹಾ ಕುಡಿಯುತ್ತಿದ್ದರು. "ಎಂತ ಮೋನಾಕ, ಹೊಸದಾ?" ಎಂದು ಯಾರಾದರೂ ಕೇಳಿದರೆ, "ನಮ್ದೇ ಮಾರಾಯ, ನಾಳೆ ಬೆಳಿಗ್ಗೆವರೆಗೆ" ಎನ್ನುತ್ತಿದ್ದರು.

ಅವರ ಅಂಗಡಿ ಜಿದ್ದಾದ ಶರಫಿಯಾದಲ್ಲಿ, ನಾವಿದ್ದ ಕಟ್ಟಡದ ಮೆಟ್ಟಿಲ ಕೆಳಗೆ ಇತ್ತು. ಅಂಗಡಿ ಎಂದರೆ ಒಂದು ಗಾಜಿನ ಮೇಜು, ಒಂದು ದೀಪ, ಎರಡು ಸ್ಟೂಲು. ಉಪ್ಪಿನಂಗಡಿಯಿಂದ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಹೆಂಡತಿ ಮಕ್ಕಳು ಊರಿನಲ್ಲಿ, ಇವರು ಎರಡು ವರ್ಷಕ್ಕೊಮ್ಮೆ ಅಲ್ಲಿಗೆ ನೆಂಟರಂತೆ ಹೋಗಿ ಬರುವವರು. ಹೆಸರು ಮೋನು, ಹಿರಿಯರೆಂದು ಕೊನೆಗೆ 'ಕಾಕ' ಸೇರಿಸಿ ನಾವೆಲ್ಲ ಮೋನಾಕ ಎನ್ನುತ್ತಿದ್ದೆವು.

ನನಗೆ ಕನ್ನಡ ಅಕ್ಷರ ಕಲಿಸಿದವರು ಅವರು. ನಾನು ಹುಟ್ಟಿದ್ದು ಬೆಳೆದದ್ದು ಜಿದ್ದಾದಲ್ಲಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು ಹಿಂದಿ. ಕನ್ನಡ ನನ್ನ ಪಾಲಿಗೆ ಉಮ್ಮ ಊರಿಗೆ ಫೋನ್ ಮಾಡಿದಾಗ ನಡುನಡುವೆ ಕೇಳಿಸುವ ಒಂದು ಸದ್ದು ಅಷ್ಟೆ. ಎಂಟನೇ ವಯಸ್ಸಿನಲ್ಲಿ ನಾನು ಅಂಗಡಿಯ ಮುಂದೆ ಆಡುತ್ತಿದ್ದಾಗ ಮೋನಾಕ ಒಂದು ಪೇಪರ್ ತುಂಡು ತೋರಿಸಿ ಓದು ಎಂದರು. ಬರುವುದಿಲ್ಲ ಎಂದೆ. "ಊರಿನ ಅಕ್ಷರ ಬರುದಿಲ್ವಾ? ನಾಳೆಯಿಂದ ಸಂಜೆ ಅಸರ್ ನಮಾಜು ಆದ ಮೇಲೆ ಇಲ್ಲಿ ಬಂದು ಕೂತ್ಕೋ" ಎಂದು ಅಪ್ಪಣೆ ಮಾಡಿದರು. ಊರಿನಿಂದ ಬಂದವರು ಒಣಮೀನು ಸುತ್ತಿ ತಂದ ಪೇಪರುಗಳೇ ನನ್ನ ಪಠ್ಯಪುಸ್ತಕ. ನಾನು ತಡವರಿಸದೆ ಓದಿದ ಮೊದಲ ಕನ್ನಡ ವಾಕ್ಯ ಪುತ್ತೂರಿನ ಯಾವುದೋ ಚಪ್ಪಲಿ ಅಂಗಡಿಯ ಜಾಹೀರಾತು. ಅಂಗಡಿಯಲ್ಲಿ ಇರುವಷ್ಟು ಹೊತ್ತು ಬಾಯಲ್ಲೂ ಕನ್ನಡವೇ ಇರಬೇಕೆಂದು ಅವರ ಕಟ್ಟಳೆ. ಬ್ಯಾರಿಯಲ್ಲಿ ನೀರು ಕೇಳಿದರೆ ಕೊಡುತ್ತಿರಲಿಲ್ಲ.

ವಾಚು ರಿಪೇರಿ ಕೆಲಸಕ್ಕೆ ತಾವು ಬಂದ ಕಥೆಯನ್ನು ಅವರು ಪ್ರತಿ ರಮ್ಝಾನಿನಲ್ಲಿ ಒಮ್ಮೆಯಾದರೂ ಹೇಳುತ್ತಿದ್ದರು.

"ಬಂದ ವರ್ಷ ನನ್ನನ್ನು ಒಂದು ಗೋದಾಮಿನ ಕಾವಲಿಗೆ ಹಾಕಿದ್ರು. ಪೇಟೆಯಿಂದ ದೂರ, ಸುತ್ತ ಮರಳು. ಮಸೀದಿಯ ಬಾಂಗ್ ಕೇಳ್ಲಿಕ್ಕಿಲ್ಲ, ರೇಡಿಯೋ ಇಲ್ಲ, ಕೈಯಲ್ಲಿದ್ದ ವಾಚು ಎರಡನೇ ದಿವಸಕ್ಕೇ ನಿಂತಿತು. ಧೂಳು ಎದ್ರೆ ಸೂರ್ಯ ಎಲ್ಲಿದ್ದಾನೆ ಅಂತ ಸಹ ಗೊತ್ತಾಗುದಿಲ್ಲ. ಖರ್ಜೂರ ಹಿಡ್ಕೊಂಡು ಕೂತ್ಕೊಳ್ಳುದು. ಸೂರ್ಯ ಮುಳುಗಿ ನೋಂಬು ತೊರೆಯುವ ಹೊತ್ತಾಯ್ತಾ, ಆಗ್ಲಿಲ್ವಾ? ಹಸಿವೆ ತಡ್ಕೊಳ್ಬಹುದು ಮಗಾ. ಆಯ್ತಾ ಅಂತ ಕೇಳ್ಲಿಕ್ಕೆ ಒಂದು ಜನ ಇಲ್ಲದ್ದು ತಡ್ಕೊಳ್ಲಿಕ್ಕೆ ಆಗುದಿಲ್ಲ."

ಆ ರಮ್ಝಾನ್ ಮುಗಿದದ್ದೇ ಅವರು ವೀಸಾ ಕೊಟ್ಟು ಕರೆಸಿದ್ದ ಕಫೀಲನ ಕೈಕಾಲು ಹಿಡಿದು ಪೇಟೆಗೆ ಬಂದು, ಒಬ್ಬ ಯಮನಿ ಮುದುಕನ ಬಳಿ ವಾಚಿನ ಕೆಲಸ ಕಲಿತರಂತೆ. ಅಂದಿನಿಂದ ಶರಫಿಯಾದಲ್ಲಿ ಮಸೀದಿಯ ಗಡಿಯಾರ ತಪ್ಪಬಹುದು, ಮೋನಾಕನ ಎಡಗೈ ತಪ್ಪುವುದಿಲ್ಲ ಎಂದು ಹೆಸರಾಯಿತು. ಆ ಹೆಸರಿನ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು. ಇರಲಿ, ಇನ್ನಾವುದಕ್ಕೂ ಅವರು ಜಂಬಪಟ್ಟವರಲ್ಲ.

ಹನ್ನೆರಡನೇ ಕ್ಲಾಸು ಮುಗಿಸಿ ನಾನು ಫಾರ್ಮಸಿ ಓದಲು ಹಂಗರಿಗೆ ಹೋದೆ. ಮೊದಲ ವರ್ಷದ ರಮ್ಝಾನಿನಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ಸಂಜೆ ಉಪವಾಸ ತೊರೆಯುತ್ತಿದ್ದೆ. ರಜೆಗೆ ಬಂದಾಗ ಅದನ್ನು ಮೋನಾಕನಿಗೆ ಹೇಳಿ ಅತ್ತೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಿ ಬಾಂಗ್ ಕೇಳುದೇ ಇಲ್ವಾ?"

"ಮೊಬೈಲಲ್ಲಿ ಬರ್ತದೆ ಮೋನಾಕ."

"ಅದು ಮೆಷಿನ್ ಮಾರಾಯ್ತಿ. ಬರುವ ವರ್ಷ ನಾನು ಕೊಡ್ತೇನೆ."

ತಮಾಷೆ ಎಂದುಕೊಂಡಿದ್ದೆ. ಮುಂದಿನ ರಮ್ಝಾನ್ ಶುರುವಾದ ಮೊದಲ ಸಂಜೆಯೇ ಫೋನ್ ಬಂತು. ಜಿದ್ದಾದಲ್ಲಿ ಆಗ ಉಪವಾಸ ತೊರೆದು ಒಂದು ಗಂಟೆಯ ಮೇಲಾಗಿರುತ್ತದೆ, ಜನ ರಾತ್ರಿಯ ನಮಾಜಿಗೆ ಹೊರಡುವ ಹೊತ್ತು. ಮೋನಾಕ ಮಸೀದಿಯ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ನಿಂತು, ಕಂಡವರು ತಲೆಕೆಟ್ಟಿದೆ ಎಂದುಕೊಳ್ಳದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಪೂರ್ತಿ ಬಾಂಗ್ ಕೊಟ್ಟರು. ದಮ್ಮು ಕಟ್ಟಿದ ಮುದುಕ ದನಿ. ಎರಡು ಕಡೆ ಕೆಮ್ಮಿದರು. ಮುಗಿಸಿ, "ತೊರೆದಿಯಾ ಮಗಾ?" ಎಂದರು. "ತೊರೆದೆ ಮೋನಾಕ" ಎಂದೆ. ಅಳುತ್ತಲೇ ಎರಡನೆಯ ಖರ್ಜೂರ ಬಾಯಿಗಿಟ್ಟೆ.

ಆ ತಿಂಗಳ ಕೊನೆಗೆ ನಮಗೆ ವಸಂತದ ರಜೆ. ಜಿದ್ದಾಕ್ಕೆ ಹೋಗಿ ಬರುವಷ್ಟು ದಿನವಿರಲಿಲ್ಲ. ಹಾಸ್ಟೆಲಿನ ಗೆಳತಿಯರಿಬ್ಬರ ಜೊತೆ ರೈಲಿನಲ್ಲಿ ವಿಯೆನ್ನಾ, ಪ್ರಾಗ್, ಬರ್ಲಿನ್ ನೋಡಿ ಬರುವುದೆಂದು ಗೊತ್ತುಮಾಡಿಕೊಂಡೆ. ಮೋನಾಕ ಉತ್ಸಾಹದಲ್ಲಿ ಚಿಕ್ಕವರಾದರು. ಪ್ರತಿ ಊರಿನಲ್ಲಿ ಸೂರ್ಯ ಮುಳುಗುವ ಹೊತ್ತನ್ನು ನನ್ನಿಂದ ಒಂದೊಂದು ದಿನದ್ದು ಕೇಳಿಕೊಂಡು, ಮುಂದಿನ ದಿನಗಳಿಗೆ ಎರಡೆರಡು ನಿಮಿಷ ಸೇರಿಸಿ, ಕನ್ನಡದ ಅಂಕಿಗಳಲ್ಲಿ ಪಟ್ಟಿ ಮಾಡಿ ಫೋಟೋ ಕಳಿಸಿದರು. ಬಲಗೈಗೆ ಗಿರಾಕಿಗಳ ವಾಚು ಕಟ್ಟುವುದನ್ನು ಆ ವಾರ ನಿಲ್ಲಿಸಿ, ಎರಡು ಗಂಟೆ ಹಿಂದಿಟ್ಟ ನನ್ನ ಹೊತ್ತನ್ನು ಕಟ್ಟಿಕೊಂಡರಂತೆ. ಕೇಳಿದವರಿಗೆಲ್ಲ, "ಇದು ಯುರೋಪಿಂದು, ನಮ್ಮ ಹುಡುಗಿ ಅಲ್ಲಿ ತಿರುಗ್ಲಿಕ್ಕೆ ಹೋಗಿದ್ದಾಳೆ" ಎಂದು ಉಮ್ಮನ ಎದುರೇ ಹೇಳಿದ್ದರಂತೆ.

ವಿಯೆನ್ನಾದಲ್ಲಿ ನಾನು ನಿಜವಾಗಿಯೇ ಉಪವಾಸವಿದ್ದೆ. ಅರಮನೆ ತೋಟ ಎಂದು ಸುತ್ತಿ ಸುತ್ತಿ ಸಂಜೆಗೆ ಕಾಲು ಬಿದ್ದುಹೋಗಿತ್ತು. ಮರುದಿನ ಪ್ರಾಗ್‌ನಲ್ಲಿ ಬೆಳಿಗ್ಗೆ ಎದ್ದಾಗ ಗೆಳತಿಯರು ಬಿಸಿ ಬ್ರೆಡ್ಡು, ಕಾಫಿ ತಂದು ಮುಂದಿಟ್ಟಿದ್ದರು. ತಿಂದೆ. ಪ್ರಯಾಣದಲ್ಲಿ ಇರುವವರಿಗೆ ಉಪವಾಸ ಬಿಡುವ ಅವಕಾಶ ಇದೆ, ಆಮೇಲೆ ಬದಲು ಹಿಡಿದರೆ ಆಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮೋನಾಕನಿಗೆ ಹೇಳಿದ್ದರೆ, "ಒಳ್ಳೇದಾಯ್ತು, ಹೊಟ್ಟೆ ಕಾಯಿಸ್ಬೇಡ" ಎಂದು ಅವರೇ ಅನ್ನುತ್ತಿದ್ದರು. ಆದರೆ ಸಂಜೆ ಫೋನ್ ಬಂದಾಗ, ಕೆಮ್ಮುತ್ತ ಅವರು ಬಾಂಗ್ ಮುಗಿಸಿ "ತೊರೆದಿಯಾ ಮಗಾ?" ಎಂದಾಗ, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ತೊರೆದೆ ಎಂದೆ. ಒಮ್ಮೆ ಹೇಳಿದ ಮೇಲೆ ಮರುದಿನ ಇನ್ನೂ ಸುಲಭವಾಯಿತು.

ಬರ್ಲಿನ್ನಿಗೆ ಬಂದದ್ದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಯುರೋಪಿನಲ್ಲಿ ಆ ದಿನ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಜಿದ್ದಾದಲ್ಲಿ ಆ ಪದ್ಧತಿಯೇ ಇಲ್ಲ. ಬೆಳಿಗ್ಗೆ ನಾನೇ ಮೋನಾಕನಿಗೆ ಫೋನ್ ಮಾಡಿ, ಇಂದಿನಿಂದ ನಮಗೂ ನಿಮಗೂ ಒಂದೇ ಗಂಟೆಯ ವ್ಯತ್ಯಾಸ ಎಂದೆ.

"ಗಡಿಯಾರ ಮುಂದೆ ಮಾಡಿದ್ದು ಯಾರು?"

"ಸರಕಾರ, ಮೋನಾಕ."

"ಗಡಿಯಾರ ಮುಟ್ಲಿಕ್ಕೆ ಸರಕಾರಕ್ಕೆ ಎಂತ ಅಧಿಕಾರ ಉಂಟು?" ಎಂದು ಗೊಣಗಿದರು. ಗೊಣಗುತ್ತಲೇ ಬಲಗೈಯ ವಾಚನ್ನು ಒಂದು ಗಂಟೆ ಮುಂದೆ ಮಾಡಿಕೊಂಡರು. ಪಟ್ಟಿಯಲ್ಲಿದ್ದ ಹೊತ್ತು ಮಾತ್ರ ಹಳೆಯ ಗಡಿಯಾರದ್ದೇ ಉಳಿಯಿತು. ಸೂರ್ಯ ಏಳು ಮೂವತ್ತೆಂಟಕ್ಕೆ ಮುಳುಗಬೇಕಾದಲ್ಲಿ ಪಟ್ಟಿಯಲ್ಲಿ ಆರು ಮೂವತ್ತೆಂಟು ಎಂದಿತ್ತು. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನಗೆ ಹೊಳೆಯುವ ಅಗತ್ಯವೇ ಇರಲಿಲ್ಲ, ನಾನು ಮಧ್ಯಾಹ್ನ ಹೊಟ್ಟೆತುಂಬ ಉಂಡಿದ್ದೆ.

ನದಿಯ ದಂಡೆಯ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಾಗ ಫೋನ್ ಬಂತು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಐಸ್‌ಕ್ರೀಮ್, ಇನ್ನೊಂದರಲ್ಲಿ ಮೋನಾಕನ ಬಾಂಗ್. ಮುಗಿಸಿ ಅವರು ಕೇಳಿದರು: "ಅಲ್ಲಿ ಕತ್ತಲಾಯ್ತಾ ಮಗಾ?"

ಕಣ್ಣು ಕಿರಿದು ಮಾಡಿ ಸೂರ್ಯನನ್ನು ನೋಡುತ್ತಲೇ ಹೇಳಿದೆ, "ಆಯ್ತು ಮೋನಾಕ."

"ತೊರೆದಿಯಾ?"

"ತೊರೆದೆ."

ಮರುದಿನ ಬೆಳಿಗ್ಗೆ ಅವರ ಫೋನ್ ಬಂತು. ದನಿ ಯಾರದ್ದೋ ಅನ್ನಿಸುವಷ್ಟು ಸಣ್ಣಗಾಗಿತ್ತು. ರಾತ್ರಿ ನಮಾಜಿನಲ್ಲಿ ನಿಂತಾಗ ಅವರಿಗೆ ಥಟ್ಟನೆ ಹೊಳೆದಿತ್ತು. ನಿನ್ನೆ ಜಿದ್ದಾದ ಎಂಟೂವರೆಗೆ ಮುಳುಗಿದ ಸೂರ್ಯ ಇವತ್ತು ಏಳೂವರೆ ದಾಟುವಾಗಲೇ ಹೇಗೆ ಮುಳುಗುತ್ತಾನೆ? ಆಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲ.

"ಮಗಾ, ನಾನು ದೊಡ್ಡ ತಪ್ಪು ಮಾಡಿದೆ. ನಿನ್ನ ನೋಂಬು ಹಾಳು ಮಾಡಿದೆ. ಒಂದು ಗಂಟೆ ಮುಂಚೆ ಬಾಂಗ್ ಕೊಟ್ಟೆ."

"ಪರವಾಗಿಲ್ಲ ಮೋನಾಕ, ಬಿಡಿ."

"ಸೂರ್ಯ ನಿನ್ನ ಕಣ್ಣೆದುರೇ ಇದ್ದ ಅಲ್ವಾ? ಇದ್ದೇ ಇರ್ತಾನೆ. ಆದ್ರೂ ನೀನು ನನ್ನ ಬಾಂಗ್ ನಂಬಿದ್ದಿ. ಕತ್ತಲಾಯ್ತು ಅಂದದ್ದು ನನಗೆ ಬೇಜಾರಾಗ್ಬಾರ್ದು ಅಂತ. ನನಗೆ ಗೊತ್ತಾಗ್ತದೆ ಮಗಾ. ಕಣ್ಣಿಗಿಂತ ಹೆಚ್ಚು ನನ್ನನ್ನು ನಂಬಿದ ಹುಡುಗಿ, ನಿನ್ನದ್ದೇ ನೋಂಬು ಹೋಯ್ತಲ್ಲ."

ಅವರು ಅಳುತ್ತಿದ್ದರು. ನನ್ನ ಕೈಯಲ್ಲಿ ಬೆಳಗಿನ ತಿಂಡಿಯ ತಟ್ಟೆ ಇತ್ತು. ಆಗ ಬಾಯಿಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮತ್ತೆ "ಪರವಾಗಿಲ್ಲ" ಎಂದೆ. ನನ್ನ ಮೇಲೆ ನನಗೆ ಹೇಸಿಗೆ ಬಂತು, ಆದರೂ ಬಾಯಿಂದ ಬಂದದ್ದು ಅದೇ.

ಅದರ ಮೇಲೆ ಅವರು ಬಾಂಗ್ ಕೊಡಲು ಫೋನ್ ಮಾಡಲಿಲ್ಲ. "ಇನ್ನು ನಿನ್ನ ಮೆಷಿನನ್ನೇ ನಂಬು" ಎಂದು ಉಮ್ಮನ ಕೈಯಲ್ಲಿ ಹೇಳಿ ಕಳಿಸಿದರು. ಹಬ್ಬ ಕಳೆದ ಮೇಲೆ ಉಮ್ಮನಿಂದ ಇನ್ನೊಂದು ಸುದ್ದಿ ಬಂತು. ಮೋನಾಕ ಪ್ರತಿ ಸೋಮವಾರ ಉಪವಾಸ ಹಿಡಿಯುತ್ತಿದ್ದಾರಂತೆ. ಒಬ್ಬರ ಉಪವಾಸವನ್ನು ಇನ್ನೊಬ್ಬರು ಹಿಡಿಯಲು ಆಗುವುದಿಲ್ಲ ಎಂದು ತಿಳಿದವರು ಹೇಳಿದರೆ, "ಅವಳದ್ದು ಅವಳು ಹಿಡಿಯಲಿ. ತಪ್ಪು ನನ್ನದು, ನನ್ನದ್ದು ನಾನು ಹಿಡಿತೇನೆ. ಅವಳು ರಜೆಗೆ ಬಂದು ಮುಖ ತೋರಿಸುವವರೆಗೆ" ಎಂದರಂತೆ.

ಜುಲೈಯಲ್ಲಿ ಹೋದೆ. ವಿಮಾನದಲ್ಲಿ ಕೂತು ಹೇಳಬೇಕಾದ ಮಾತನ್ನು ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಬಂದ ಮೂರನೆಯ ದಿನ ಸೋಮವಾರ. ಸೂರ್ಯ ಮುಳುಗುವ ಹೊತ್ತಿಗೆ ಕೆಳಗಿಳಿದು ಹೋದೆ. ಜಿದ್ದಾದ ಜುಲೈ ಹೇಗಿರುತ್ತದೆಂದು ಅಲ್ಲಿದ್ದವರಿಗೇ ಗೊತ್ತು. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಮೋನಾಕ ಬೆವರಿ ಬಣ್ಣಗೆಟ್ಟು ಕೂತಿದ್ದರು. ತುಟಿ ಒಡೆದಿತ್ತು. ನನ್ನನ್ನು ಕಂಡದ್ದೇ ಮುಖವೆಲ್ಲ ನಗುವಾಯಿತು. ಮೇಜಿನ ಮೇಲೆ ಪೇಪರ್ ಹಾಸಿ ಖರ್ಜೂರ, ನೀರು, ಎರಡು ಸಮೋಸ ಇಟ್ಟರು.

"ಕೂತ್ಕೋ. ಇವತ್ತು ಕೊನೇದು. ನೀನು ಬಂದಾಯ್ತಲ್ಲ."

"ಮೋನಾಕ, ಆ ದಿನ ಬರ್ಲಿನ್ನಿನಲ್ಲಿ ನಾನು..."

ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿಸಿತು. ಮೋನಾಕ ಬೆರಳೆತ್ತಿದರು. "ಬಾಂಗ್ ಆಗುವಾಗ ಮಾತಾಡ್ಬಾರ್ದು ಮಗಾ."

ಅವರು ತಲೆತಗ್ಗಿಸಿ ಕೇಳಿಸಿಕೊಂಡರು, ಖರ್ಜೂರ ಬಾಯಿಗಿಟ್ಟರು, ನೀರು ಕುಡಿದರು. ಗಂಟಲ ನರಗಳು ಏರಿ ಇಳಿಯುವುದನ್ನು ನಾನು ನೋಡುತ್ತ ಕೂತೆ. ಬಾಂಗ್ ಮುಗಿಯುವಾಗ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಮೋನಾಕ ನನ್ನ ತಲೆಯ ಮೇಲೆ ಕೈಯಿಟ್ಟು, "ಇವಳೇ ನಾನು ಹೇಳಿದ ಹುಡುಗಿ. ಸೂರ್ಯ ಎದುರಿಗಿದ್ದ, ಆದ್ರೂ ನನ್ನ ಬಾಂಗ್ ನಂಬಿದಳು" ಎಂದು ಪೂರ್ತಿ ಕಥೆ ಹೇಳಿದರು. ಗಿರಾಕಿಗಳು ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ನಾನು ನೆಲ ನೋಡಿದೆ. ಅದನ್ನೂ ಅವರು ವಿನಯವೆಂದು ತಿಳಿದರು.

ಬಾಂಗ್ ನನ್ನ ಬಾಯಿ ಕಟ್ಟಿತು ಎಂದು ನೆಪ ಹೇಳಿಕೊಳ್ಳಬಹುದು. ಆದರೆ ಆಮೇಲೆ ನಾನು ಮೂರು ವಾರ ಜಿದ್ದಾದಲ್ಲಿದ್ದೆ. ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿದೆ. ಹೇಳಿದರೆ ಅವರ ಕಣ್ಣಲ್ಲಿ ನಾನು ಏನಾಗುತ್ತೇನೆಂಬ ಹೆದರಿಕೆಯೊಂದೇ ಕಾರಣ. ಹೊರಟ ದಿನ ಅವರು ಟ್ಯಾಕ್ಸಿಯವರೆಗೆ ಬಂದು, ಬಾಗಿಲು ಹಾಕಿ, ಗಾಜಿನ ಮೇಲೆ ಎರಡು ಸಲ ತಟ್ಟಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅಕ್ಟೋಬರಿನಲ್ಲಿ ಉಮ್ಮನ ಫೋನ್ ಬಂತು. ಅಸರ್ ನಮಾಜಿಗೆಂದು ಸ್ಟೂಲಿನಿಂದ ಎದ್ದ ಮೋನಾಕ ಅಲ್ಲೇ ಕುಸಿದರಂತೆ, ಆಸ್ಪತ್ರೆಗೆ ಮುಟ್ಟುವ ಮುಂಚೆ ಮುಗಿದಿತ್ತಂತೆ. ಜಿದ್ದಾದಲ್ಲೇ ಮಣ್ಣು ಮಾಡಿದರು. ಆ ದಿನ ನಾನು ಲ್ಯಾಬಿನ ಬಾತ್‌ರೂಮಿನಲ್ಲಿ ಬಾಯಿಗೆ ಶಾಲು ತುರುಕಿಕೊಂಡು ಅತ್ತೆ. ಬಿಟ್ಟ ಉಪವಾಸಗಳನ್ನೆಲ್ಲ ಬಳಿಕ ಒಂದೊಂದಾಗಿ ಹಿಡಿದು ತೀರಿಸಿದೆ. ಅವರು ಹಿಡಿದ ಸೋಮವಾರಗಳಿಗೆ ಏನು ಮಾಡಬೇಕೆಂದು ಇವತ್ತಿಗೂ ತಿಳಿದಿಲ್ಲ.

ಡಿಸೆಂಬರಿನಲ್ಲಿ ಮನೆಗೆ ಹೋದಾಗ ಮೆಟ್ಟಿಲ ಕೆಳಗೆ ಮೊಬೈಲ್ ಕವರುಗಳ ಅಂಗಡಿ ಬಂದಿತ್ತು. ಅಲ್ಲಿ ನಿಂತು ನೋಡುತ್ತಿದ್ದೆ. ಎದುರಿನ ಬಟ್ಟೆ ಅಂಗಡಿಯ ಭಟ್ಕಳದ ಹಿರಿಯರೊಬ್ಬರು ರಸ್ತೆ ದಾಟಿ ಬಂದರು. ನನಗೆ ಅವರ ಪರಿಚಯವಿರಲಿಲ್ಲ. ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ತಗ್ಗಿದ ದನಿಯಲ್ಲಿ ಕೇಳಿದರು:

"ಸೂರ್ಯನನ್ನು ಬಿಟ್ಟು ಮೋನಾಕನನ್ನು ನಂಬಿದ ಹುಡುಗಿ ನೀನೇ ಅಲ್ವಾ ಮಗಳೇ?"

"ಹೌದು" ಎಂದೆ.